ನೀಲವ್ವ ತುಂಬಿಸಿದ ಹರವಿ

ಹೋದ ತಿಂಗಳು ನಮ್ಮ ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಮೂವರು ಹುಡುಗಿಯರು ಮನೆಗೆ ಬಂದಿದ್ದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಬೈಲು. "ಸರ್, ನೀವು ಭಾಳ ವರ್ಷ ಮಾಡೀರಿ, ನಮಗ ನಾಕ ಮಾತು ಹೇಳ್ರಿ" ಅಂದರು. ನಾನು ಚಹಾ ಕುಡಿಸಿದೆ, ನಾಯಿ ಬೆನ್ನಟ್ಟಿದ ಕಥೆ ಹೇಳಿ ನಗಿಸಿದೆ, ಕಳಿಸಿದೆ. ಹೇಳಬೇಕಾದದ್ದು ಗಂಟಲಲ್ಲೇ ಉಳಿಯಿತು. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ ಎಂದು ಬರೆಯಲು ಕೂತಿದ್ದೇನೆ.

ನಾನು ಎಷ್ಟು ವರ್ಷಕ್ಕೆ ಏನಾದೆ, ಯಾವ ಸಭೆಯಲ್ಲಿ ಶಾಲು ಹೊದಿಸಿದರು ಎನ್ನುವುದು ಇಲ್ಲಿ ಬರುವುದಿಲ್ಲ. ಹೊದಿಸಿದ್ದು ಒಂದೇ ಶಾಲು, ಅದನ್ನು ಈಗ ನನ್ನ ಹೆಂಡತಿ ಇಸ್ತ್ರಿ ಮಾಡುವಾಗ ಮೇಜಿನ ಮೇಲೆ ಹಾಸಿಕೊಳ್ಳುತ್ತಾಳೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕಿನಲ್ಲಿ ನಾನು ತುಳಿಯದ ಓಣಿ ಕಡಿಮೆ. ಜನ ನನ್ನ ಹೆಸರು ಕೇಳಿದವರಲ್ಲ. ನಮ್ಮಂಥವರೆಲ್ಲ ಅವರಿಗೆ "ಮಲೇರಿಯಾದವ್ರು". ಜ್ವರ ಬದಲಾಯಿತು, ಔಷಧ ಬದಲಾಯಿತು, ಆ ಹೆಸರು ಮಾತ್ರ ಬದಲಾಗಲಿಲ್ಲ.

ಮೊದಲ ವರ್ಷಗಳೆಲ್ಲ ಪಂಪಿನ ವರ್ಷಗಳು. ಬಕೆಟ್ಟಿನಲ್ಲಿ ಬಿಳಿ ಪುಡಿ ಕಲಸಬೇಕು, ಒಬ್ಬ ಪಂಪು ಹೊಡೆಯಬೇಕು, ಇನ್ನೊಬ್ಬ ಉದ್ದನೆಯ ಕೋಲು ಹಿಡಿದು ಗೋಡೆಗೆ ಸಿಂಪಡಿಸಬೇಕು. ಬೇಸಿಗೆಯ ಬಿಸಿಲಿನಲ್ಲಿ ತಗಡಿನ ಮನೆಯೊಳಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತರೆ ಬೆವರೂ ಔಷಧವೂ ಕೂಡಿ ಕಣ್ಣಿಗೆ ಇಳಿಯುತ್ತಿತ್ತು. ನಾವು ಸೊಳ್ಳೆಗೆ ಎಂದು ಹೋಗುತ್ತಿದ್ದೆವು, ಜನ ಮಂಚದ ತಗಣಿಗೆ ಎಂದು ಕಾಯುತ್ತಿದ್ದರು. ಮುದುಕಿಯರು ಹೊರಸನ್ನು ಅಂಗಳಕ್ಕೆ ಎಳೆದು ತಂದು, "ಗ್ವಾಡಿ ಬಿಡ್ರಿ, ಇದಕ್ಕ ಹೊಡೀರಿ. ರಾತ್ರಿಯೆಲ್ಲಾ ಜೀವ ಹಿಂಡತಾವ" ಅನ್ನುತ್ತಿದ್ದರು. ಹೊಡೆದು ಹೋದ ಮರುದಿನವೇ ಗೋಡೆಗೆ ಕೆಮ್ಮಣ್ಣು ಸಾರಿಸಿ ನಮ್ಮ ಔಷಧವನ್ನೆಲ್ಲ ಮುಚ್ಚಿಬಿಡುತ್ತಿದ್ದರು. ಬಿಳಿ ಕಲೆ ನೋಡಿದರೆ ಬೀಗರು ಏನೆಂದಾರು ಎಂಬ ಚಿಂತೆ ಅವರಿಗೆ. ಕೆಲವು ವರ್ಷ ಕಳೆದ ಮೇಲೆ ತಗಣಿಯೂ ಸಾಯುವುದನ್ನು ಬಿಟ್ಟಿತು. "ನಿಮ್ಮ ಔಷಧ ಕುಡದು ಮೈ ಕೈ ತುಂಬಿಕೊಂಡಾವ್ರಿ" ಎಂದು ಹಿರೇಕೆರೂರು ಕಡೆಯ ಒಬ್ಬ ಅಜ್ಜಿ ನನ್ನನ್ನು ಬಾಗಿಲಿಂದಲೇ ತಿರುಗಿಸಿ ಕಳಿಸಿದಳು.

ನನ್ನ ಮೊದಲ ದೊಡ್ಡ ತಪ್ಪು ಹಾನಗಲ್ಲ ತಾಲೂಕಿನಲ್ಲಿ ಆಯಿತು. ಒಂದು ಮನೆಯ ಪಡಸಾಲೆಗೆ ಸಿಂಪಡಿಸಿದೆ. ಒಳಕೋಣೆಯ ಬಾಗಿಲು ಮುಚ್ಚಿತ್ತು, ಒಳಗೇನಿದೆ ಎಂದು ಕೇಳಲಿಲ್ಲ. ಬಾಗಿಲ ಸಂದಿಯಿಂದ ಔಷಧ ಒಳಗೆ ಹೋಗಿತ್ತು. ಒಳಗೆ ರೇಷ್ಮೆ ಹುಳದ ತಟ್ಟೆಗಳಿದ್ದವು, ಇನ್ನು ಎರಡು ದಿನಕ್ಕೆ ಗೂಡು ಕಟ್ಟುವಷ್ಟು ಬೆಳೆದಿದ್ದವು. ಸಂಜೆಯ ಹೊತ್ತಿಗೆ ತಲೆ ಎತ್ತಿ ಎತ್ತಿ ಆಡಿಸಿ ಸತ್ತವು. ಆ ಮನೆಯ ಹೆಣ್ಣುಮಗಳು ಹೊತ್ತು ಹೊತ್ತಿಗೆ ಸೊಪ್ಪು ಕತ್ತರಿಸಿ ಹಾಕಿ, ತಿಂಗಳಿಡೀ ನಿದ್ದೆಗೆಟ್ಟು ಸಾಕಿದ್ದಳು. ಬೈದರೆ ಹಗುರಾಗುತ್ತಿತ್ತು, ಬೈಯಲಿಲ್ಲ. "ಒಂದ ಮಾತು ಕೇಳಬೇಕಾಗಿತ್ತಲ್ಲೋ ತಮ್ಮಾ" ಅಂದಳು ಅಷ್ಟೆ. ಮರುದಿನ ನನ್ನ ಮೇಲಿನವರಾದ ದೇಸಾಯಿ ಸಾಹೇಬರು ನನ್ನನ್ನು ಕರೆದುಕೊಂಡು ಆ ಮನೆಗೆ ಹೋದರು. ನೆಲದ ಮೇಲೆ ಕೂತು, "ನಮ್ಮ ಹುಡುಗನ ತಪ್ಪು, ನನ್ನ ತಪ್ಪು" ಎಂದು ಕೈಮುಗಿದರು. ನಾನು ಕಂಬದ ಹಿಂದೆ ನಿಂತು ಅತ್ತೆ.

ದೇಸಾಯಿ ಸಾಹೇಬರು ಬೈಗುಳದಲ್ಲಿ ಪಂಡಿತರು. ಬೆಳಗ್ಗೆ ಅವರು ಬೈಯದಿದ್ದರೆ ಮೈಗೆ ಹುಷಾರಿಲ್ಲವೇನೋ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಆ ಹೊತ್ತಿಗೆ ಗೋಡೆಗೆ ಹೊಡೆಯುವುದು ಕಡಿಮೆಯಾಗಿ ನೀರು ನೋಡುವ ಕೆಲಸ ಶುರುವಾಗಿತ್ತು. ಡೆಂಗಿ ಜ್ವರದ ಸೊಳ್ಳೆ ಮನೆಯೊಳಗಿನ ತಿಳಿನೀರಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಹುಳವಾಗಿ, ಹುಳ ಸೊಳ್ಳೆಯಾಗಿ ಹಾರಲು ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಸಾಕು. ಮನೆಮನೆಗೆ ಹೋಗಿ ಬ್ಯಾರಲ್ಲು, ಹಂಡೆ, ಸಿಮೆಂಟಿನ ತೊಟ್ಟಿ ಎಲ್ಲದರ ಮುಚ್ಚಳ ತೆಗೆದು ಬ್ಯಾಟರಿ ಬಿಟ್ಟು ನೋಡಬೇಕು. ಎಷ್ಟು ಪಾತ್ರೆ ನೋಡಿದೆ, ಎಷ್ಟರಲ್ಲಿ ಹುಳ ಇತ್ತು, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಹಾಕಿ ಬರೆಯಬೇಕು. ಒಂದು ಮಧ್ಯಾಹ್ನ ನಾನು "ನೋಡಿದೆ" ಎಂದು ಬರೆದ ಮನೆಗೆ ಸಾಹೇಬರು ಹಿಂದಿನಿಂದ ಬಂದರು. ಬ್ಯಾರಲ್ಲಿನ ಮುಚ್ಚಳದ ಮೇಲೆ ಧೂಳು ಕದಲದೆ ಕೂತಿತ್ತು. ಅವತ್ತು ನಾನು ಹೋಗಿದ್ದ ಅಷ್ಟೂ ಮನೆಗೆ ಬಿಸಿಲಲ್ಲಿ ಮತ್ತೆ ನಡೆಸಿದರು, ತಾವೂ ನಡೆದರು. ಕೊನೆಗೆ ಬೇವಿನ ಗಿಡದ ಕೆಳಗೆ ಕೂತು ಹೇಳಿದರು: "ನೋಡಿದ್ರ ನೋಡೇನಿ ಅಂತ ಬರಿ. ನೋಡದಿದ್ರ ನೋಡಿಲ್ಲಂತ ಬರಿ. ಎರಡಕ್ಕೂ ನಾ ಬೈಯೂದಿಲ್ಲ. ಮೂರನೇದು ಬರದಿ ಅಂದ್ರ ನನ್ನ ಮುಂದ ನಿಲ್ಲಬ್ಯಾಡ." ಅವರು ಇದ್ದಷ್ಟು ದಿನ ನಾನು ಮೂರನೆಯದನ್ನು ಬರೆಯಲಿಲ್ಲ.

ನೀರು ನೋಡುವ ಕೆಲಸ ಪಂಪಿಗಿಂತ ಹಗುರ ಎಂದುಕೊಂಡಿದ್ದೆ. ಮೈಗೆ ಹಗುರ, ಮನಸ್ಸಿಗಲ್ಲ. ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ಊರು. ಹೆಂಗಸರು ಸರದಿಯಲ್ಲಿ ಜಗಳಾಡಿ, ಸೊಂಟ ಮುರಿಯುವ ಹಾಗೆ ಹೊತ್ತು ತಂದು ತುಂಬಿಸಿದ ನೀರು. ನಾನು ಹೋಗಿ "ಹುಳ ಆಗ್ಯಾವ, ಚೆಲ್ಲರಿ" ಅನ್ನಬೇಕು. "ಬಂದಾ ನೋಡ ನೀರು ಚೆಲ್ಲಸಾಂವ. ನಿಮ್ಮನ್ಯಾಗ ನದಿ ಹರೀತೈತೇನು?" ಎಂದು ಅಬಲೂರಿನಲ್ಲಿ ಒಬ್ಬಾಕೆ ಕೊಡ ಎತ್ತಿಕೊಂಡೇ ಬಂದಿದ್ದಳು. ಆಕೆ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಸವಣೂರಿನಲ್ಲಿ ಗೋಷಾ ಇರುವ ಮನೆಗಳ ಒಳಗೆ ನಾವು ಹೋಗುವಂತಿರಲಿಲ್ಲ. ಪರದೆಯ ಈಚೆ ನಿಂತು ಬ್ಯಾಟರಿ ಕೊಡುತ್ತಿದ್ದೆ. ಒಬ್ಬ ತಾಯಿ ಒಳಗಿಂದಲೇ ಒಂದೊಂದು ಪಾತ್ರೆಯನ್ನೂ ನೋಡಿ ಹೇಳುವಳು: "ಇದರಾಗ ಇಲ್ಲ ಭಾಯಿ. ಇದರಾಗ ಏಳೆಂಟು ಕುಣ್ಯಾಕತ್ತಾವ." ಮುಖ ಕಾಣದ ಆ ತಾಯಿಯಷ್ಟು ಚೊಕ್ಕವಾಗಿ ನೋಡುವವರು ನಮ್ಮ ಇಲಾಖೆಯಲ್ಲಿ ಇರಲಿಲ್ಲ.

ಪರದೆಯ ಮನೆಗಳು ನನಗೆ ಬೇಸರ ತರಲಿಲ್ಲ, ಅಲ್ಲಿ ಯಾವ ಗಂಡಸನ್ನೂ ಬಿಡುತ್ತಿರಲಿಲ್ಲ. ಬೇಸರ ಬೇರೆ ಮನೆಗಳದ್ದು. "ನಿಮ್ಮ ಅಡ್ಡೆಸರು ಏನ್ರಿ?" ಎಂದು ಮೊದಲು ಕೇಳುತ್ತಿದ್ದರು, ಜಾತಿ ತಿಳಿಯಲು. ಹೇಳಿದ ಮೇಲೆ, "ಒಳಗ ಬ್ಯಾಡ್ರಿ, ನಾವಾ ನೋಡ್ಕೋತೇವಿ" ಅನ್ನುತ್ತಿದ್ದರು. ನಮ್ಮ ಅಪ್ಪ ಹಳೆಯ ದೇವರ ಪಟ ತೆಗೆದು ಬುದ್ಧನ ಪಟ ಹಾಕಿದವನು. "ಯಾರ ಹೊಸ್ತಿಲಾಗೂ ತಲಿ ಕೆಳಗ ಹಾಕಬ್ಯಾಡ" ಎಂದು ಹೇಳಿ ಬೆಳೆಸಿದ್ದ. ಆದರೂ ಸರ್ಕಾರಿ ಕೆಲಸ, ಹಟ ಹಿಡಿದು ಯಾರ ಅಡುಗೆಮನೆಗೆ ನುಗ್ಗಲಿ? "ಒಳಗೆ ಬಿಡಲಿಲ್ಲ" ಎಂದು ಬರೆದು ಮುಂದಿನ ಮನೆಗೆ ನಡೆಯುತ್ತಿದ್ದೆ. ಮೇಲಿನವರು ಯಾರೂ ಅದನ್ನು ಪ್ರಶ್ನಿಸುತ್ತಿರಲಿಲ್ಲ, ನನ್ನ ಅಡ್ಡಹೆಸರು ಅವರಿಗೂ ಗೊತ್ತಿತ್ತು. ಬರಬರುತ್ತಾ ಅವರು ಬೇಡ ಅನ್ನುವ ಮೊದಲೇ ನಾನು ಹೊಸ್ತಿಲಲ್ಲಿ ನಿಲ್ಲುವುದನ್ನು ಕಲಿತುಬಿಟ್ಟೆ. ನನ್ನ ಬಗ್ಗೆ ನನಗೆ ನಾಚಿಕೆಯಾಗುವ ಸಂಗತಿಗಳಲ್ಲಿ ಇದೂ ಒಂದು.

ನೀಲವ್ವನ ಮನೆಯಲ್ಲಿ ಹಾಗಿರಲಿಲ್ಲ.

ಗೊಟಗೋಡಿಯ ಆಚೆ, ಶಿಗ್ಗಾಂವಿ ತಾಲೂಕಿನದೇ ಊರು. ಅಗಸಿ ಬಾಗಿಲು ದಾಟಿದರೆ ಎಡಗಡೆ ಎರಡನೆಯ ಮನೆ. ಗಂಡ ಫಕ್ಕೀರಪ್ಪ, ಮಗ ಮಂಜಪ್ಪ, ಸೊಸೆ, ಸಹನಾ ಎಂಬ ಮೊಮ್ಮಗಳು. ನಾನು ಮೊದಲ ಸಲ ಹೋದಾಗ ಅಭ್ಯಾಸದಂತೆ ಹೊಸ್ತಿಲಲ್ಲಿ ನಿಂತು ಅಡ್ಡಹೆಸರು ಹೇಳಿದೆ. "ಅದನ್ಯಾರು ಕೇಳಿದ್ರು ತಮ್ಮಾ? ಬಿಸಲಾಗ ಬಂದಿ, ಮೊದಲ ಒಳಗ ಬಂದು ಕುಂದ್ರು" ಅಂದಳು ನೀಲವ್ವ. ಹಿಂದಿನ ಕೋಣೆಯಲ್ಲಿ ನೀರಿನ ಹರವಿ ಇತ್ತು, ಮೂರು ಕೊಡ ಹಿಡಿಸುವ ದೊಡ್ಡ ಮಣ್ಣಿನ ಪಾತ್ರೆ. ಅದರಿಂದ ತಾವು ಕುಡಿಯುವ ತಂಬಿಗೆಯಲ್ಲೇ ನೀರು ತುಂಬಿ ನನ್ನ ಕೈಗೆ ಕೊಟ್ಟಳು. ಬಾಯಿಗಿಟ್ಟು ಕುಡಿಯಲೋ, ಎತ್ತಿ ಕುಡಿಯಲೋ ತಿಳಿಯದೆ ನಿಂತೆ. "ಕುಡಿಯೋ" ಅಂದಳು. ಆಮೇಲೆ ಎಷ್ಟೋ ವರ್ಷ ಆ ಊರಿಗೆ ಹೋದಾಗಲೆಲ್ಲ ಆ ಹರವಿಯ ನೀರು ಕುಡಿದಿದ್ದೇನೆ. ಬೇಸಿಗೆಯಲ್ಲಿ ಅಂಥ ತಣ್ಣನೆಯ ನೀರು ನನಗೆ ಬೇರೆಲ್ಲೂ ಸಿಗಲಿಲ್ಲ.

ಒಂದು ವರ್ಷ ಮಳೆಗಾಲ ಹತ್ತಿರವಾದಾಗ ನೀಲವ್ವ ತೀರಿಕೊಂಡಳು. ನಲ್ಲಿ ಬಂದ ದಿನ ಹರವಿ ತುಂಬಿಸಿ, ಹೊರಸಿನ ಮೇಲೆ ಅಡ್ಡಾದವಳು ಏಳಲಿಲ್ಲವಂತೆ. ನನಗೆ ಗೊತ್ತಿರಲಿಲ್ಲ. ಹದಿಮೂರು ದಿನದ ಮೇಲೆ ನನ್ನ ಸರದಿಯ ಭೇಟಿಗೆ ಹೋದೆ. ಮಗ ಹೊಲಕ್ಕೆ ಹೋಗಿದ್ದ, ಸೊಸೆ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು, ಆ ಸಂಜೆ ಬರುವವಳಿದ್ದಳು. ಫಕ್ಕೀರಪ್ಪ ಒಬ್ಬನೇ ಕೂತಿದ್ದ. ನಾನು ಏನೂ ಕೇಳುವ ಮೊದಲೇ ಕೈ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದ.

"ಆಕಿ ಹೊತ್ತು ತಂದು ತುಂಬಿಸಿದ್ದ ಕಡೀ ನೀರು ನೋಡ್ರಿ. ಕುಡ್ಯಾಕ ಕ್ಯಾನಿನ ನೀರು ತರತೇವಿ. ಇದನ್ನ ಯಾರೂ ಮುಟ್ಟಬ್ಯಾಡ್ರಿ ಅಂದೇನಿ. ಮಣ್ಣಿನ ಹರವಿ, ತಾನಾ ಜಿನುಗಿ ಜಿನುಗಿ ಆರಿ ಹೋಗತೈತಿ. ಅಲ್ಲೀತನಕಾ ಇರ್ಲಿ ಅಂತ."

ನಾನು ಮುಚ್ಚಳ ತೆಗೆದೆ. ಅಂಚು ಒಡೆದ ಮುಚ್ಚಳ. ನೀರು ಕಾಲು ಭಾಗ ಇಳಿದಿತ್ತು. ಬ್ಯಾಟರಿ ಬಿಟ್ಟೆ. ಹುಳ ಇದ್ದವು. ಮೇಲೆ ಬಂದು ಮತ್ತೆ ಕೆಳಗೆ ಓಡಿದವು.

"ನೀರು ಚೊಲೋ ಐತಿಲ್ರಿ?" ಅಂದ ಫಕ್ಕೀರಪ್ಪ.

ಅವನ ಮುಖ ನೋಡಿದೆ. ಚೆಲ್ಲು ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಬೇರೆ ಯಾರ ಮನೆಯ ನೀರಾಗಿದ್ದರೂ ಹೇಳುತ್ತಿದ್ದೆ, ಇದು ನಾನು ಕುಡಿದ ಹರವಿ. ಔಷಧ ಹಾಕಿದರೆ ವಾಸನೆಗೆ ಅವನಿಗೆ ತಿಳಿಯುತ್ತದೆ. ಹುಳ ತಿನ್ನುವ ಗಪ್ಪಿ ಮೀನು ನಮ್ಮ ದವಾಖಾನೆಯ ತೊಟ್ಟಿಯಲ್ಲಿ ಬೇಕಾದಷ್ಟಿದ್ದವು. ನಾಳೆ ಬೆಳಗ್ಗೆ ನಾಲ್ಕು ಮೀನು ತಂದು ಸುಮ್ಮನೆ ಬಿಟ್ಟರಾಯಿತು, ಇವನ ಮನಸ್ಸೂ ನೋಯುವುದಿಲ್ಲ, ಹುಳವೂ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ.

"ಚೊಲೋ ಐತ್ರಿ" ಅಂದೆ.

ಹೊರಗೆ ಬಂದು, ಅಂಗಳದ ಪಾತ್ರೆಗಳನ್ನು ನೋಡಿ, ಗೋಡೆಯ ಮೇಲೆ ಬರೆದೆ. ಹರವಿ ಸೇರಿ ಮನೆಯಲ್ಲಿ ಐದು ಪಾತ್ರೆ ಇದ್ದವು. ನಾಲ್ಕು ಎಂದು ಬರೆದೆ, ಹುಳ ಸೊನ್ನೆ. ಹರವಿ ಲೆಕ್ಕಕ್ಕೇ ಬರಲಿಲ್ಲ. ನಾಳೆ ಬಂದು ತಿದ್ದುತ್ತೇನೆ ಎಂದುಕೊಂಡೆ. ದೇಸಾಯಿ ಸಾಹೇಬರು ಆಗಲೇ ನಿವೃತ್ತರಾಗಿ ಹೋಗಿ ಬಹಳ ದಿನವಾಗಿತ್ತು.

ಮರುದಿನ ಬೆಳಗ್ಗೆ ಪ್ಲಾಸ್ಟಿಕ್ ಚೀಲದಲ್ಲಿ ಮೀನು ಹಿಡಿದು ಬಸ್ಸಿಗೆ ನಿಂತಿದ್ದೆ. ಫೋನು ಬಂತು. ಸವಣೂರು ಕಡೆ ಜ್ವರ ಹೆಚ್ಚಾಗಿದೆ, ಎಲ್ಲರೂ ಈಗಲೇ ಬನ್ನಿ ಎಂದು. ಮೀನನ್ನು ತೊಟ್ಟಿಗೆ ವಾಪಸು ಬಿಟ್ಟು ಹೋದೆ. ಅಲ್ಲಿ ಹನ್ನೊಂದು ದಿನ ಆಯಿತು. ಮಂಜಪ್ಪನ ಫೋನ್ ನಂಬರು ನನ್ನ ಹತ್ತಿರ ಇತ್ತು. ಆ ಹನ್ನೊಂದು ದಿನದಲ್ಲಿ ನೂರಾರು ಮನೆಯ ನೀರು ಚೆಲ್ಲಿಸಿದೆ, ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿದೆ. ಒಂದು ಫೋನು ಮಾಡಲಿಲ್ಲ. ಮಾಡಿದ್ದರೆ, "ಅವತ್ತ ಚೊಲೋ ಐತಿ ಅಂದ್ರೆಲ್ರಿ" ಎಂದು ಕೇಳುತ್ತಾನೆ ಎಂಬ ಸಂಕೋಚ. ದಿನ ಕಳೆದಷ್ಟೂ ಆ ಸಂಕೋಚ ದೊಡ್ಡದಾಗುತ್ತಾ ಹೋಯಿತು.

ಸಹನಾಗೆ ಜ್ವರ ಬಂದದ್ದು ನಾನು ಸವಣೂರಿನಿಂದ ತಿರುಗಿ ಬಂದ ವಾರ. ಮೊದಲು ಊರಿನಲ್ಲೇ ತೋರಿಸಿದರು, ಆಮೇಲೆ ದೊಡ್ಡ ದವಾಖಾನೆಗೆ ಒಯ್ದರು. ಐದನೆಯ ದಿನ ಮಗು ಹೋಯಿತು. ಮೂರನೇ ಇಯತ್ತೆ ಓದುತ್ತಿತ್ತು.

ಅದೇ ಹರವಿಯ ಸೊಳ್ಳೆಯೇ ಕಚ್ಚಿತೇ? ಅದನ್ನು ಯಾವ ಡಾಕ್ಟರೂ ಹೇಳಲಾರರು. ಬೇರೆ ಮನೆಯದಿರಬಹುದು, ಶಾಲೆಯ ತೊಟ್ಟಿಯದಿರಬಹುದು. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಆದರೆ ಹೇಳಿಕೊಳ್ಳುವಾಗ ಕಣ್ಣೆದುರು ಬರುವುದು ಆ ಹರವಿಯೇ.

ಡೆಂಗಿಯಿಂದ ಸಾವಾದರೆ ಜಿಲ್ಲೆಯಿಂದ ಅಧಿಕಾರಿ ಬಂದು ಮನೆ ನೋಡುತ್ತಾರೆ. ನಾನೂ ಜೊತೆಗೆ ಹೋಗಬೇಕಾಯಿತು. ಊರಿನ ಮಂದಿ ಅಂಗಳದಲ್ಲಿ ತುಂಬಿದ್ದರು. ಅಧಿಕಾರಿ ಹಿಂದಿನ ಕೋಣೆಗೆ ಹೋಗಿ ಹರವಿಯ ಮುಚ್ಚಳ ತೆಗೆದರು. ಸೌಟಿನಲ್ಲಿ ನೀರೆತ್ತಿ ಬಿಳಿ ತಟ್ಟೆಗೆ ಹಾಕಿದರು. ತಟ್ಟೆಯ ತುಂಬ ಹುಳ. ಫಕ್ಕೀರಪ್ಪ ಬಗ್ಗಿ ನೋಡಿದ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ಅವತ್ತು ನಾನು ಇವನ್ನು ಕಂಡಿದ್ದೆ ಎಂದು ಅವನಿಗೆ ಆ ಕ್ಷಣ ತಿಳಿಯಿತು. ನನಗೂ ಅದು ಗೊತ್ತಾಯಿತು.

"ಗೋಡೆ ಮೇಲೆ ನಾಲ್ಕೇ ಪಾತ್ರೆ ಬರೆದಿದ್ದೀಯಲ್ಲ, ಇದನ್ನು ಯಾಕೆ ನೋಡಲಿಲ್ಲ?" ಎಂದು ಅಧಿಕಾರಿ ಕೇಳಿದರು.

ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಫಕ್ಕೀರಪ್ಪನೇ ಮುಂದೆ ಬಂದ.

"ಅವ್ರ ತಪ್ಪಿಲ್ರಿ ಸಾಹೇಬ್ರ. ನೋಡತೇನಿ ಅಂದ್ರು. ನಾನಾ ಒಳಗ ಬಿಡಲಿಲ್ಲ. ಅಂಗಳದಾಗಿನ ಪಾತ್ರೆ ತೋರಿಸಿ ಹೊಸ್ತಿಲದಾಗಿಂದನಾ ಕಳಿಸಿದೆ."

ಅಧಿಕಾರಿ ನನ್ನ ಕಡೆ ನೋಡಿ ತಲೆಯಾಡಿಸಿದರು. ಅವರಿಗೆ ಅನುಮಾನ ಬರಲಿಲ್ಲ. ನನ್ನನ್ನು ಹೊಸ್ತಿಲಿಂದ ಕಳಿಸುವುದು ಅಷ್ಟು ಸಹಜವಾದ ಸಂಗತಿ. ನನ್ನನ್ನು ಎಂದೂ ಹೊರಗೆ ನಿಲ್ಲಿಸದ ಮನೆಯ ಯಜಮಾನ ಆ ಅಪವಾದವನ್ನೂ ಮೈಮೇಲೆ ಹಾಕಿಕೊಂಡ. "ಒಳಗೆ ಬಿಡಲಿಲ್ಲ" ಎಂದು ಅವರು ಬರೆದುಕೊಂಡರು. ನಾನು ಕೆಳಗೆ ಸಹಿ ಮಾಡಿದೆ. ಮಂಜಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಅಪ್ಪನ ಹತ್ತಿರ ಹೋಗಿ, "ಸತ್ತಾಕಿ ನೀರಿನ ಸಂಬಂಧ ಬದುಕಿದಾಕೀನ ಕೊಂದಿ" ಅಂದ. ಅದು ಮಗ ಅಪ್ಪನಿಗೆ ಆಡಿದ ಕೊನೆಯ ಮಾತು ಎಂದು ನನಗೆ ಆಮೇಲೆ ತಿಳಿಯಿತು.

ಫಕ್ಕೀರಪ್ಪ ಯಾಕೆ ಹಾಗೆ ಹೇಳಿದ? ನನ್ನ ಕೆಲಸ ಹೋದೀತೆಂದೇ? ನೀರು ಇರಲಿ ಎಂದು ಕೇಳಿದ್ದು ತಾನೇ ಎಂದೇ? ಒಂದು ಸಲ ಹೋಗಿ ಕೇಳಬಹುದಿತ್ತು. ನಾನು ಆ ಊರಿನ ಪಾಳಿಯನ್ನೇ ಬೇರೆಯವರಿಗೆ ಬದಲಿಸಿಕೊಂಡೆ. ಶಿಗ್ಗಾಂವಿ ಬಸ್ಸಿನಲ್ಲಿ ಆ ಊರಿನ ಒಬ್ಬ ಸಿಕ್ಕಾಗ ಸುದ್ದಿ ಹೇಳಿದ: ಅಪ್ಪ ಮಗ ಒಂದೇ ಮನೆಯಲ್ಲಿದ್ದಾರೆ, ಮಾತಿಲ್ಲ. ಸೊಸೆ ಊಟದ ತಾಟು ತಂದು ಮುಂದಿಟ್ಟು ಹೋಗುತ್ತಾಳೆ. ಫಕ್ಕೀರಪ್ಪ ಕಟ್ಟೆಯ ಮೇಲೆ ಕೂತರೆ ಮಂದಿ ಎದ್ದು ಹೋಗುತ್ತಾರೆ. "ಹಟಾ ಮಾಡಿ ಕೂಸಿನ ಜೀವಾ ತಗದಾ" ಎಂದು ಊರೇ ಆಡಿಕೊಳ್ಳುತ್ತದೆ. ಕೇಳಿ ಮನೆಗೆ ಬಂದು ಉಣ್ಣದೆ ಮಲಗಿದೆ. ಹೇಳಬೇಕು ಎಂದು ಆವತ್ತೇ ತೀರ್ಮಾನ ಮಾಡಿದೆ. ಆದರೆ ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇತ್ತು. ಸುಳ್ಳು ಸಹಿ ಹಾಕಿದ್ದು ಹೊರಗೆ ಬಂದರೆ ಪಿಂಚಣಿ ನಿಲ್ಲುತ್ತದೆ ಎಂಬ ಹೆದರಿಕೆ. ನಿವೃತ್ತನಾಗಲಿ ಆಮೇಲೆ ಎಂದುಕೊಂಡೆ. ನಿವೃತ್ತನಾದ ಮೇಲೆ ಪಿಂಚಣಿಯ ಆದೇಶ ಕೈಗೆ ಬರಲಿ ಎಂದುಕೊಂಡೆ. ಫಕ್ಕೀರಪ್ಪ ಅಲ್ಲಿಯವರೆಗೆ ಉಳಿಯಲಿಲ್ಲ.

ಈ ಬೇಸಿಗೆಯಲ್ಲಿ ಮಂಜಪ್ಪನ ಮನೆಗೆ ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ಹರವಿಕೊಂಡು ತೊಟ್ಟು ಬಿಡಿಸುತ್ತಿದ್ದ. "ಬರ್ರಿ, ಕುಂದರ್ರಿ" ಅಂದ. ನಾನು ನಿಂತೇ ಹೇಳಿದೆ. ಒಳಗೆ ಕರೆದುಕೊಂಡು ಹೋದದ್ದು, ಹುಳ ಕಂಡದ್ದು, ಚೊಲೋ ಐತಿ ಅಂದದ್ದು, ನಾಲ್ಕು ಎಂದು ಬರೆದದ್ದು ಎಲ್ಲವನ್ನೂ. ಅವನು ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಹುಳ ಅದಾವಂತ ಹೇಳಿದ್ರ ಅಪ್ಪ ಚೆಲ್ಲತಿದ್ದ ಏನ್ರಿ?" ಎಂದು ತಲೆಯೆತ್ತದೆ ಕೇಳಿದ.

"ಮೊಮ್ಮಗಳಿದ್ದ ಮನಿ. ಹರವೀನಾ ಒಡೀತಿದ್ದ" ಅಂದೆ.

ಅವನ ಕೈ ನಿಂತಿತು.

"ಕಡೀ ದಿನ ಅಪ್ಪ ಎರಡು ಸಲ ಮಂಜಪ್ಪಾ ಅಂತ ಕರದಾನ್ರಿ. ನಾ ಇಲ್ಲೇ ಹೊರಗ ಇದ್ದೆ. ಕೇಳಸ್ತು. ಹೋಗಲಿಲ್ಲ."

ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಅವನು ಬೈಯಲಿಲ್ಲ. ಮೆಣಸಿನಕಾಯಿಯ ಘಾಟು ಇಬ್ಬರ ಕಣ್ಣಲ್ಲೂ ಇತ್ತು, ಹಾಗಾಗಿ ಯಾರು ಅತ್ತರೆಂದು ಖಾತ್ರಿಯಿಲ್ಲ. ಕೊನೆಗೆ ಎದ್ದು ಕೈ ಒರೆಸಿಕೊಂಡು ಹೇಳಿದ: "ನನಗ ಹೇಳಿ ಏನ್ ಮಾಡ್ತೀರಿ? ನಾ ಈಗ ಯಾರಿಗೆ ಹೇಳ್ಲಿ? ಊರ ಮಂದಿ ಇನ್ನೂ ಅಪ್ಪನ ಹೆಸರ ಹೇಳ್ತಾರ. ನಿಮ್ಮ ಹೆಸರ ಹೇಳ್ರಿ ಅವ್ರಿಗೆ."

ಅವನ ಮಾತಿನಂತೆ ಇದನ್ನು ಬರೆದಿದ್ದೇನೆ. ಹೊಸದಾಗಿ ಕೆಲಸಕ್ಕೆ ಬರುವವರು ಓದಿ ಏನು ತಿಳಿದುಕೊಳ್ಳುತ್ತಾರೋ ಅದು ಅವರಿಗೆ ಬಿಟ್ಟದ್ದು. ಆ ಊರಿನವರು ಮಾತ್ರ ಇದನ್ನು ಓದಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು. ಫಕ್ಕೀರಪ್ಪ ನನ್ನನ್ನು ತಡೆಯಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ನೀರು ಚೊಲೋ ಐತಿಲ್ರಿ ಎಂದು ಕೇಳಿದ. ಹುಳ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನನ್ನ ಹೆಸರು ಯಲ್ಲಪ್ಪ. ಊರು ಚಿಕ್ಕೇರೂರು.